ಸೂಜಿ ತಾಗದ ರವಿಕೆ

ನಮ್ಮ ಮನೆಯಲ್ಲಿ ಇಸ್ತ್ರಿಗೆಂದು ಮೇಜು ಇರಲಿಲ್ಲ. ಅಮ್ಮ ಕರಿ ಕಂಬಳಿಯನ್ನು ಮಡಿಸಿ ನೆಲಕ್ಕೆ ಹಾಸಿ, ಅದರ ಮೇಲೆ ಹಳೇ ಪಂಚೆಯ ತುಂಡನ್ನು ಹರಡಿ, ಗೋಡೆಯ ಪ್ಲಗ್ಗಿಗೆ ವೈರು ಎಟುಕುವಷ್ಟು ಹತ್ತಿರ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಆ ಇಸ್ತ್ರಿಪೆಟ್ಟಿಗೆಗೆ ಇರಲಿಲ್ಲ. ಚೆನ್ನಾಗಿ ಕಾಯಿಸಿ, ಪ್ಲಗ್ ಕಿತ್ತು, ಬೆರಳ ತುದಿಯ ನೀರನ್ನು ಅದರ ತಳಕ್ಕೆ ಸಿಡಿಸಿ ನೋಡಬೇಕು. ಹನಿ ಕುಣಿದು ಓಡಿದರೆ ಬಿಸಿ ಜಾಸ್ತಿ. ಕೂತಲ್ಲೇ ಚುಂಯ್ ಎಂದು ಆರಿದರೆ ಹದ. ಹದ ಬಂದ ಮೇಲೆ ಹರಿದ ಜಾಗದ ಒಳಮೈಗೆ ಅಂಟುಬಟ್ಟೆಯ ತೇಪೆ ಇಟ್ಟು, ಮೇಲೊಂದು ಒದ್ದೆ ಕರವಸ್ತ್ರ ಹಾಸಿ, ಪೆಟ್ಟಿಗೆಯನ್ನು ಉಜ್ಜದೆ, ಮೈಭಾರವನ್ನೆಲ್ಲ ಬಿಟ್ಟು ಒತ್ತಿ ಹಿಡಿಯುತ್ತಿದ್ದಳು. ಉಜ್ಜಿದರೆ ತೇಪೆ ಜರುಗುತ್ತದೆ. ಮೂಲೆ ಚೂಪಾಗಿದ್ದರೆ ಒಗೆತಕ್ಕೆ ಏಳುತ್ತದೆ, ಅದಕ್ಕೇ ತೇಪೆಯನ್ನು ಯಾವತ್ತೂ ದುಂಡಗೆ ಕತ್ತರಿಸಬೇಕು. ಇಷ್ಟು ನನಗೆ ಖಂಡಿತ ಗೊತ್ತು.

ಉಳಿದದ್ದು ಅಷ್ಟು ಖಂಡಿತವಿಲ್ಲ. ಅಂಟು ಕರಗುವಾಗ ಒಂದು ವಾಸನೆ ಬರುತ್ತಿತ್ತು, ಸೀದ ಸಕ್ಕರೆಗೂ ರಬ್ಬರಿಗೂ ನಡುವಿನದು, ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಒಂದು ಕಡೆ ಬರೆದೂ ಬಿಟ್ಟೆ. ಅಕ್ಕ ಅದನ್ನು ಓದಿ ಫೋನು ಮಾಡಿದಳು.

"ಅಂಟಿಗೆ ವಾಸನೆ ಎಲ್ಲಿತ್ತಾ ಮಾಣಿ? ಅದು ಕಂಬಳಿ ಸುಟ್ಟ ವಾಸನೆ. ನೀ ಎಲ್ಲದಕ್ಕೂ ಬಣ್ಣ ಬಳಿತೆ."

ಇರಬಹುದು. ತರ್ಕಶಾಸ್ತ್ರ ಓದಿ, ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಯಾವ ಸಾಕ್ಷಿಯನ್ನು ಏಕೆ ನಂಬಬಾರದು ಎಂದು ಹೇಳಿಕೊಡುವುದರಲ್ಲಿ ಆಯುಷ್ಯ ಹೋಯಿತು. ನನ್ನದೇ ನೆನಪನ್ನು ಸಾಕ್ಷಿಕಟ್ಟೆಗೆ ಕರೆದಾಗ ಅದಕ್ಕೆ ವಿನಾಯಿತಿ ಕೊಡಲಾರೆ. ಆದ್ದರಿಂದ ಅಕ್ಕ ಒಪ್ಪದ ಕಡೆಯಲ್ಲೆಲ್ಲ ಅವಳು ಒಪ್ಪಿಲ್ಲ ಎಂದೇ ಬರೆಯುತ್ತೇನೆ. ಆದರೆ ನಡೆದದ್ದು ನಡೆಯಲೇ ಇಲ್ಲ ಎಂದು ಅವಳೂ ಹೇಳುವುದಿಲ್ಲ.

ಆಗ ನಾವು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ಸಾಲಾಗಿ ಒಂದೇ ಅಚ್ಚಿನ ಮನೆಗಳು. ಮುಂದೊಂದು ಹಾಲ್, ಅದರ ಹಿಂದೆ ನೇರಕ್ಕೆ ಅಡುಗೆಮನೆ, ಪಕ್ಕಕ್ಕೊಂದು ಕೋಣೆ, ಹಿಂಬಾಗಿಲಿಗೆ ಎರಡು ಮೆಟ್ಟಿಲು, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ಮುಂಬಾಗಿಲಲ್ಲಿ ನಿಂತವನಿಗೆ ಒಲೆಯ ಮೇಲೇನು ಬೇಯುತ್ತಿದೆ ಎಂದು ಕಾಣುತ್ತಿತ್ತು. ಮನೆಯ ನಕ್ಷೆ ಬರೆದವರು ಗಾಳಿ ಬೆಳಕಿನ ಬಗ್ಗೆ ಯೋಚಿಸಿದ್ದರು, ಮಡಿಯ ಬಗ್ಗೆ ಯೋಚಿಸಿರಲಿಲ್ಲ. ಅಮ್ಮಮ್ಮ, ಅಂದರೆ ಅಪ್ಪಯ್ಯನ ತಾಯಿ, ಇದನ್ನು ಅವರ ಅಹಂಕಾರ ಎಂದೇ ತಿಳಿದಿದ್ದಳು. ಅವಳು ಬಾಳಿದ ಮನೆಯಲ್ಲಿ ಮೂರು ಬಾಗಿಲು ದಾಟಿದ ಮೇಲೆ ಅಡುಗೆಮನೆಯಂತೆ. ಅಲ್ಲಿ ಹೆಂಗಸರು ಹೇಗಿದ್ದರೂ ಹೊರಗಿನವರಿಗೆ ಕಾಣುತ್ತಿರಲಿಲ್ಲವಂತೆ. ಆ ಮನೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಅದರ ನಿಯಮಗಳನ್ನು ಮಾತ್ರ ಅಮ್ಮಮ್ಮ ತಾಮ್ರದ ಹಂಡೆಗಳ ಜೊತೆ ಲಾರಿಗೆ ಹೇರಿಸಿಕೊಂಡು ಬಂದಿದ್ದಳು.

ಆ ನಿಯಮಗಳಲ್ಲಿ ಒಂದು, ಹೊಲಿದ ಬಟ್ಟೆ ಮಡಿಗೆ ಆಗುವುದಿಲ್ಲ ಎಂಬುದು. ಗಂಡಸರಿಗೆ ಇದರಿಂದ ತೊಂದರೆಯೇನಿಲ್ಲ. ಅಂಗಿ ಕಳಚಿ ಪಂಚೆ ಉಟ್ಟರೆ ಮುಗಿಯಿತು. ದಿನನಿತ್ಯದ ಅಡುಗೆಗೆ ಅಮ್ಮಮ್ಮ ಅಷ್ಟು ಹಿಡಿಯುತ್ತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ ಅಜ್ಜನ ತಿಥಿಯ ದಿನ ಅಮ್ಮ ರವಿಕೆಯಿಲ್ಲದೆ, ಮಡಿಸೀರೆಯೊಂದನ್ನೇ ಸುತ್ತಿಕೊಂಡು, ಆ ಹಾಲಿನ ಎದುರಿಗೇ ನಿಂತು ಅಡುಗೆ ಮಾಡಬೇಕು, ಮಾಡಿದ್ದನ್ನು ಬಂದವರಿಗೆ ಬಡಿಸಬೇಕು. ಅಡುಗೆಮನೆಯ ಬಾಗಿಲಿಗೆ ಅಮ್ಮ ಒಂದು ಪರದೆ ಕಟ್ಟಿದ್ದಳು. ತಿಥಿಯ ದಿನ ಬೆಳಿಗ್ಗೆ ಅದನ್ನೂ ಬಿಚ್ಚಿಡಬೇಕು. ಪರದೆಯ ಅಂಚು ಹೊಲಿದದ್ದು.

ತೇಪೆಯ ವಿಷಯಕ್ಕೆ ಬರುತ್ತೇನೆ. ಅಪ್ಪಯ್ಯ ವಿದ್ಯುದಾಗಾರದ ಬ್ಯಾಟರಿ ಕೋಣೆಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಆ್ಯಸಿಡ್ ಹನಿ ಖಾಕಿ ಪ್ಯಾಂಟಿಗೆ ತಾಗಿದ್ದು ಆಗ ಗೊತ್ತಾಗುವುದಿಲ್ಲ. ಒಗೆದಾಗ ಆ ಜಾಗ ಪುಡಿಯಾಗಿ ಉದುರುತ್ತದೆ. ಸೂಜಿ ದಾರದಲ್ಲಿ ಹೊಲಿದರೆ ಸುತ್ತಲಿನ ನೊಂದ ಬಟ್ಟೆಯೂ ಕಿತ್ತು ಬರುತ್ತಿತ್ತು. ಪಕ್ಕದ ಮನೆಯ ಶಾರದಮ್ಮ ತೀರ್ಥಹಳ್ಳಿ ಕಡೆಯ ಗೌಡರ ಮನೆಯವರು, ಅವರ ಅಣ್ಣನಿಗೆ ಪೇಟೆಯಲ್ಲಿ ಟೈಲರ್ ಅಂಗಡಿಯಿತ್ತು. ಅಂಗಿಯ ಕಾಲರಿಗೆ ಬಿರುಸು ಬರಲೆಂದು ಒಳಗೆ ಕೊಡುವ, ಒಂದು ಮೈಗೆ ಅಂಟು ಬಳಿದ ಬಟ್ಟೆಯ ಚೂರುಗಳನ್ನು ಅವರು ತವರಿಗೆ ಹೋದಾಗಲೆಲ್ಲ ಚೀಲ ತುಂಬ ತರುತ್ತಿದ್ದರು. ಮೊದಲ ಸಲ ಅದನ್ನು ಅಮ್ಮನಿಗೆ ತೋರಿಸಿದ್ದು ಅವರೇ.

"ಸೂಜಿ ಬ್ಯಾಡ, ದಾರ ಬ್ಯಾಡ ಸರಸಮ್ಮ, ಬರೀ ಕರೆಂಟು. ನಮ್ಮನೆ ಗಂಡಸ್ರ ಹಂಗೆ ಇದು. ಬಿಸಿ ಆದಾಗ ಅಂಟ್ಕಳ್ತದೆ, ನಾಲ್ಕು ಸಲ ಒಗದ್ರೆ ಬಿಟ್ ಹೋಗ್ತದೆ."

ಅಮ್ಮ ನಕ್ಕದ್ದು ನೆನಪಿದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದದ್ದು ಶಾರದಮ್ಮನ ಎದುರು ಮಾತ್ರ. ಆ ಮೇಲೆ ನಮ್ಮ ಮನೆಯಲ್ಲಿ ತೇಪೆಯಿಲ್ಲದ ಬಟ್ಟೆಯೇ ಉಳಿಯಲಿಲ್ಲ. ನನ್ನ ಚಡ್ಡಿಯ ಹಿಂಭಾಗ, ಅಕ್ಕನ ಲಂಗದ ಅಂಚು, ದಿಂಬಿನ ಚೀಲ, ಅಪ್ಪಯ್ಯನ ಖಾಕಿ, ಎಲ್ಲದರ ಒಳಗೂ ದುಂಡನೆಯ ಬಿಳಿ ತೇಪೆ. ಶಾಲೆಯಲ್ಲಿ ಕೂತಾಗ ನನ್ನ ಚಡ್ಡಿ ರಟ್ಟಿನ ಹಾಗೆ ಕರಕರ ಅನ್ನುತ್ತಿತ್ತು.

ಒಂದು ವರ್ಷ ತಿಥಿಗೆ ಎರಡು ದಿನವಿರುವಾಗ ಟ್ರಂಕು ತೆಗೆದರೆ ಅಜ್ಜನ ಪಟ್ಟೆಮಡಿಗೆ ಜಿರಲೆ ಬಾಯಿ ಹಾಕಿತ್ತು. ಪಟ್ಟೆಮಡಿ ಎಂದರೆ ಪೂಜೆಗೆ ಉಡುವ ರೇಷ್ಮೆ ಪಂಚೆ. ಅಪ್ಪಯ್ಯ ಒಬ್ಬನೇ ಮಗ. ತಿಥಿ ಮಾಡುವಾಗ ಅದನ್ನೇ ಉಡಬೇಕೆಂದು ಅಮ್ಮಮ್ಮನ ಕಟ್ಟುನಿಟ್ಟು. ತೂತು ಬಿದ್ದದ್ದನ್ನು ಉಡುವಂತಿಲ್ಲ, ಹೊಲಿದರೆ ಮಡಿಯಲ್ಲ, ಬೇರೆ ಪಂಚೆಗೆ ಅಮ್ಮಮ್ಮ ಒಪ್ಪುವುದಿಲ್ಲ.

"ಅವು ಉಟ್ಟದ್ದು ಅದು. ಅದನ್ನೇ ಉಟ್ಟು ಮಾಡವು," ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ದಾರಿ ತೋರಿಸಿದ್ದು ಅಮ್ಮ. ಪಟ್ಟೆಮಡಿಯ ತುದಿಯಿಂದಲೇ ಒಂದು ಚೂರು ರೇಷ್ಮೆ ಕತ್ತರಿಸಿ, ಅಂಟುಬಟ್ಟೆಯ ಮೇಲಿಟ್ಟು, ತೂತಿನ ಅಡಿಗೆ ಕೊಟ್ಟು, ಎಂದಿಗಿಂತ ತಣ್ಣನೆಯ ಪೆಟ್ಟಿಗೆಯಲ್ಲಿ ಬಹಳ ಹೊತ್ತು ಒತ್ತಿದಳು. ತೂತು ಎಲ್ಲಿತ್ತೆಂದು ಹುಡುಕಬೇಕು, ಹಾಗಾಯಿತು. ಆದರೂ ಇದು ನಡೆಯುತ್ತದೋ ಇಲ್ಲವೋ ಎಂದು ತೀರ್ಪು ಕೊಡಬೇಕಾದವನು ಭಟ್ಟಜ್ಜ. ಅವನು ಅಮ್ಮಮ್ಮನ ತಮ್ಮ, ಹೊಸನಗರದ ಹತ್ತಿರದ ಊರಿನಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದ, ನಮ್ಮ ಮನೆಯ ತಿಥಿಗೆ ಹಿಂದಿನ ದಿನವೇ ಬಸ್ಸಿನಲ್ಲಿ ಬರುತ್ತಿದ್ದ. ಬಂದವನು ಕಾಲು ತೊಳೆದು, ಪಟ್ಟೆಮಡಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಸೂಜಿ ಹಾಕಿದ್ದಾ?"

"ಇಲ್ಲೆ ಮಾವಯ್ಯ," ಅಮ್ಮ ಒಳಗಿನಿಂದ ಹೇಳಿದಳು. "ಇಸ್ತ್ರಿಲಿ ಒತ್ತಿದ್ದು, ಅಷ್ಟೇಯ."

"ನೂಲು?"

"ಒಂದೆಳೆಯೂ ಇಲ್ಲೆ."

"ಸೂಜಿ ತಾಗದ್ದೇ ಹೋದ್ರೆ ಹೊಲಿಗೆ ಹ್ಯಾಂಗಾತು? ತೂತೂ ಇಲ್ಲೆ, ಹೊಲಿಗೆಯೂ ಇಲ್ಲೆ. ಉಟ್ಕ ಮಾರಾಯ."

ಅಪ್ಪಯ್ಯ ನಕ್ಕ. "ಹಾಂಗಾರೆ ಕರೆಂಟಿಗೆ ಮೈಲಿಗೆ ಇಲ್ಲೆ ಹೇಳಾತು."

"ಕರೆಂಟು ಅಗ್ನಿಯೇ ಅಲ್ದನಾ? ಅಗ್ನಿಗೆಲ್ಲಿ ಮೈಲಿಗೆ?"

ಎಲ್ಲರಿಗೂ ಹಗುರವಾಯಿತು. ಅಮ್ಮಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಕೆಲಸಕ್ಕೆ ಹೋಗುವವನ ಪ್ಯಾಂಟಿಗೆ ಹಾಕಿದ ತೇಪೆ ಪಿತೃಗಳಿಗೂ ಸಲ್ಲುತ್ತದೆ ಎಂದು ಆ ದಿನ ನಮ್ಮ ಹಾಲಿನಲ್ಲಿ ಇತ್ಯರ್ಥವಾಯಿತು. ಬಾಗಿಲ ಪಕ್ಕ ನಿಂತಿದ್ದ ನನಗೆ ಅದೊಂದು ಅದ್ಭುತ ಎನಿಸಿತು. ಪ್ರಶ್ನೆ ಕೇಳಬಹುದು, ಉತ್ತರಕ್ಕೆ ಕಾರಣ ಕೊಡಬೇಕು, ಕಾರಣ ಸರಿಯಾಗಿದ್ದರೆ ಅಮ್ಮಮ್ಮನಂಥ ಅಮ್ಮಮ್ಮನೂ ಒಪ್ಪುತ್ತಾಳೆ. ಭಟ್ಟಜ್ಜನ ಬಗ್ಗೆ ನನಗೆ ಆ ಒಂದು ವರ್ಷ ಇದ್ದ ಗೌರವ ಮುಂದೆ ಯಾವ ಪ್ರಾಧ್ಯಾಪಕನ ಬಗ್ಗೆಯೂ ಬರಲಿಲ್ಲ.

ಅದೇ ತಿಥಿಯ ದಿನ, ಪಾಯಸ ಬಡಿಸುವಾಗ, ಅಮ್ಮನ ಕೈ ತಪ್ಪಿತು. ಒಂದು ಕೈಯಲ್ಲಿ ಸೆರಗನ್ನು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು, ಪಾತ್ರೆಯನ್ನು ಸೊಂಟಕ್ಕೂ ಮೊಣಕೈಗೂ ನಡುವೆ ಸಿಕ್ಕಿಸಿಕೊಂಡು ಅವಳು ಬಗ್ಗಬೇಕಿತ್ತು. ಪಿತೃಗಳ ಸ್ಥಾನದಲ್ಲಿ ಬ್ರಾಹ್ಮಣಾರ್ಥಕ್ಕೆ ಕೂತವರಿಬ್ಬರಲ್ಲಿ ಒಬ್ಬ ಅಪ್ಪಯ್ಯನ ಜೊತೆ ಕೆಲಸ ಮಾಡುವ ಹುಡುಗ. ಪಾಯಸ ಅವನ ಎಲೆಯಿಂದಾಚೆ ಚೆಲ್ಲಿ ನೆಲದ ಮೇಲೆ ಹರಿಯಿತು. "ನಿಧಾನ ಅತ್ತಿಗೆ, ಓಡಿ ಹೋಗ್ತ್ನಿಲ್ಲೆ ಆನು," ಎಂದು ಅವನು ಅಂದ, ಕಣ್ಣೆತ್ತಿ ನೋಡಿ ನಕ್ಕ. ಇದನ್ನು ನಾನು ಕೇಳಿದ್ದೇನೆ, ಆ ನಗುವನ್ನು ಕಂಡಿದ್ದೇನೆ. ಅಕ್ಕ ಹೇಳುತ್ತಾಳೆ, ಅಂಥ ಹುಡುಗ ಯಾರೂ ಆ ವರ್ಷ ಬಂದಿರಲಿಲ್ಲ, ಕೂತಿದ್ದವರಿಬ್ಬರೂ ಮುದುಕರು, ಅವರಿಗೆ ಎಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ ಎಂದು. ಪಾಯಸ ಚೆಲ್ಲಿದ್ದನ್ನು, ಅಮ್ಮಮ್ಮ ಕೂತಲ್ಲಿಂದಲೇ "ಎರಡು ಕೈ ಕೊಟ್ಟಿದ್ದ ದೇವ್ರು, ಎರಡರಲ್ಲೂ ಬಡ್ಸು" ಎಂದು ಕೂಗಿದ್ದನ್ನು ಅವಳೂ ಒಪ್ಪುತ್ತಾಳೆ. ಹಾಗಾದರೆ ನಕ್ಕ ಹುಡುಗನನ್ನು ನಾನೇ ಆಮೇಲೆ ತಂದು ಕೂರಿಸಿದೆನೇ? ಇರಬಹುದು. ನಗುವ ಒಬ್ಬನಿದ್ದರೆ ಸಿಟ್ಟಿಗೆ ಒಂದು ವಿಳಾಸ ಸಿಗುತ್ತದೆ. ಯಾರೂ ನಗದೆ, ಯಾರೂ ನೋಡದೆ, ಎಲ್ಲರೂ ಗಂಭೀರವಾಗಿ ಉಣ್ಣುತ್ತಿದ್ದರು ಎಂದರೆ ಅದು ಇನ್ನೂ ಕೆಟ್ಟದ್ದು.

ಅಮ್ಮ ಆ ದಿನವೇ ಯೋಚಿಸಿದಳೋ ವರ್ಷವಿಡೀ ಯೋಚಿಸಿದಳೋ ತಿಳಿಯದು. ಮುಂದಿನ ತಿಥಿಗೆ ಇನ್ನೂ ಕೆಲವು ವಾರವಿರುವಾಗ, ಅಮ್ಮಮ್ಮ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ, ಕೋಣೆಯ ಬಾಗಿಲು ಮುಚ್ಚಿ ಕಂಬಳಿ ಹಾಸತೊಡಗಿದಳು. ಹೊಸ ಬಿಳಿ ಬಟ್ಟೆ. (ಅಕ್ಕ ನೀಲಿ ಅನ್ನುತ್ತಾಳೆ.) ಅಳತೆಗೆ ಹಳೇ ರವಿಕೆಯೊಂದನ್ನು ಬಿಚ್ಚಿ ಹರಡಿಕೊಂಡಿದ್ದಳು. ಬೆನ್ನಿನ ತುಂಡು, ಎದೆಯ ಎರಡು ತುಂಡು, ತೋಳು. ಹೊಲಿಗೆ ಬರಬೇಕಾದ ಕಡೆಯಲ್ಲೆಲ್ಲ ಅಂಟುಬಟ್ಟೆಯ ಪಟ್ಟಿ ಕೊಟ್ಟು ಒತ್ತಿದಳು. ಗುಂಡಿಯಿಲ್ಲ, ಹುಕ್ಕಿಲ್ಲ, ಮುಂದೆ ಎರಡು ತುದಿಗಳನ್ನು ಗಂಟು ಹಾಕಿಕೊಳ್ಳುವುದು. ಮೊದಲ ಸಲ ತೋಳೆತ್ತಿದ ಕೂಡಲೆ ಕಂಕುಳಲ್ಲಿ ಬಿಟ್ಟುಕೊಂಡಿತು. ಅಲ್ಲಿಗೆ ಎರಡು ಪಟ್ಟಿ ಕೊಟ್ಟಳು. ಒಗೆದು ನೋಡಿದಳು; ಎದ್ದ ಕಡೆ ಮತ್ತೆ ಒತ್ತಿದಳು. ಶಾರದಮ್ಮ ಹಿಂಬಾಗಿಲಿನಿಂದ ಬಂದು ನೋಡಿ ತಲೆಗೆ ಕೈಯಿಟ್ಟುಕೊಂಡರು.

"ಇದೆಂಥ ಹುಚ್ಚು ಮಾರಾಯ್ತಿ? ನಮ್ಮಣ್ಣ ಒಂದು ಗಳಿಗೇಲಿ ಹೊಲ್ಕೊಡ್ತಾನಲ್ಲ. ಮಿಷನ್ ಇಲ್ವಾ ಅವ್ನತ್ರ?"

"ಮಿಷನ್ನಿಗೆ ಸೂಜಿ ಇದೆಯಲ್ಲ ಶಾರದಕ್ಕ."

"ಇದ್ರೆ? ದೇವ್ರಿಗೆ ಚುಚ್ತದಾ?"

"ದೇವ್ರಿಗಲ್ಲ, ನಮ್ಮತ್ತೆಗೆ."

ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು, ಅಮ್ಮಮ್ಮ ಏಳಬಾರದೆಂದು. ನಕ್ಕು ಮುಗಿದ ಮೇಲೆ ಶಾರದಮ್ಮ ಬೆನ್ನಿನ ಪಟ್ಟಿಯನ್ನು ಎರಡು ಕೈಯಲ್ಲಿ ಎಳೆದು ನೋಡಿ, "ಗಟ್ಟಿಯಾಗೇ ಉಂಟು. ಅವ್ರು ಒಪ್ತಾರಾ?" ಎಂದು ಕೇಳಿದರು. ಅಮ್ಮ ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನನ್ನದೂ ಅದೇ ಉತ್ತರವಾಗಿತ್ತು.

"ಒಪ್ಪದೆ ಏನು ಮಾಡ್ತಾರೆ? ಹೋದ ವರ್ಷ ಅವರೇ ಹೇಳಿದ್ದಲ್ವಾ?"

ತಿಥಿಯ ಬೆಳಿಗ್ಗೆ ಅಮ್ಮ ಮಿಂದು, ಮಡಿಸೀರೆಯ ಅಡಿಯಲ್ಲಿ ಯಾರಿಗೂ ಕಾಣದಂತೆ ಒಣಗಿಸಿಟ್ಟಿದ್ದ ಆ ರವಿಕೆಯನ್ನು ಕೋಲಿನಿಂದ ತೆಗೆದುಕೊಂಡು ತೊಟ್ಟಳು. ಸೀರೆ ಉಟ್ಟು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು, ಅಕ್ಕಿ ತೊಳೆದಳು, ನೆನೆದ ಉದ್ದನ್ನು ಒರಳಿಗೆ ಹಾಕಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಲ್ಲಿ ರುಬ್ಬುತ್ತಿದ್ದಳು. ಅಷ್ಟು ಹೊತ್ತು ಯಾರೂ ಗಮನಿಸಲಿಲ್ಲ ಎಂಬುದು ನನಗೆ ಆಶ್ಚರ್ಯ. ಅವಳು ರವಿಕೆಯಿಲ್ಲದೆ ಇದ್ದಾಗಲೂ ಯಾರೂ ಅವಳನ್ನು ನೋಡಿರಲಿಲ್ಲವೋ ಏನೋ. ಅಮ್ಮಮ್ಮ ಮೊಣಕಾಲು ಹಿಡಿದುಕೊಂಡು ಹೊಸ್ತಿಲ ತನಕ ಬಂದಳು.

"ಅದೆಂತದು ಮೈಮೇಲೆ?"

"ರವಕೆ."

"ತಿಥಿ ಅಡಿಗೆಗೆ?"

"ಸೂಜಿ ತಾಗಿದ್ದಲ್ಲ ಅತ್ತೆ. ನೂಲು ಒಂದೆಳೆ ಇಲ್ಲೆ. ಪಟ್ಟೆಮಡಿಗೆ ಹಾಕಿದ್ದೇ ಅಂಟು."

"ಜೀವಮಾನ ಎಲ್ಲ ಹೀಂಗೇ ಬೇಯ್ಸಿದ್ದಿ ಆನು. ಯಂಗೆ ಎಂತ ಆತು?"

ಅಮ್ಮಮ್ಮ ತಮ್ಮನನ್ನು ಕರೆದಳು. ಭಟ್ಟಜ್ಜ ಹಾಲಿನಲ್ಲಿ ದರ್ಭೆ ಮುರಿಯುತ್ತ ಕೂತಿದ್ದವನು ಎದ್ದು ಬಂದ. ಹೋದ ವರ್ಷದಂತೆ ಬೆಳಕಿಗೆ ಹಿಡಿದು ನೋಡಲಿಲ್ಲ. ಅಮ್ಮನ ಕಡೆ ನೋಡಲೇ ಇಲ್ಲ. ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಮಾತಾಡಿದ.

"ಆನು ಹೇಳಿದ್ದು ತೇಪೆಗೆ. ಇದು ರವಕೆ."

"ಅಂಟು ಅದೇಯ ಮಾವಯ್ಯ. ಕರೆಂಟು ಅಗ್ನಿ ಹೇಳಿ ನಿಂಗೊ ಹೇಳಿದ್ದಿ."

"ಅಂಟಿನ ಪ್ರಶ್ನೆ ಅಲ್ಲ ತಂಗಿ. ಆಕಾರದ್ದು. ಮೈಗೆ ಅಳತೆ ಮಾಡಿ ಕತ್ತರಿಸಿದ್ಮೇಲೆ ಅದು ಹೊಲಿದ ಹಾಂಗೇಯ."

"ತೇಪೆಯನ್ನೂ ತೂತಿಗೆ ಅಳತೆ ಮಾಡಿಯೇ ಕತ್ತರಿಸಿದ್ದು."

"ತೂತು ಬೇರೆ, ಮೈ ಬೇರೆ."

"ಹಾಂಗಾರೆ ಹೋದ್ವರ್ಷ ಸೂಜಿ ಎಂತಕ್ಕೆ ಕೇಳಿದ್ದು?"

ಭಟ್ಟಜ್ಜ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕಿದ. "ಬ್ರಾಹ್ಮಣರು ಬಪ್ಪ ಹೊತ್ತಾತು," ಎಂದು ಹೇಳಿ ದರ್ಭೆಯ ಕಡೆ ಹೋದ.

ಬಹಳ ವರ್ಷಗಳ ನಂತರ ಧಾರವಾಡದಲ್ಲಿ ಎಂ.ಎ. ತರಗತಿಯಲ್ಲಿ, ವಾದದ ನಡುವೆ ಪದದ ಅರ್ಥವನ್ನು ಬದಲಾಯಿಸುವ ದೋಷದ ಬಗ್ಗೆ ಪಾಠವಾಯಿತು. ಸುತ್ತಲಿನವರು ಬರೆದುಕೊಳ್ಳುತ್ತಿದ್ದರು. ನಾನು ಬರೆದುಕೊಳ್ಳಲಿಲ್ಲ. ಆ ಪಾಠದಲ್ಲಿ ಹೇಳದೆ ಬಿಟ್ಟದ್ದೊಂದಿತ್ತು: ದೋಷವನ್ನು ತೋರಿಸಿಕೊಟ್ಟರೂ ಏನೂ ಆಗುವುದಿಲ್ಲ. ಅಮ್ಮ ತೋರಿಸಿಕೊಟ್ಟಿದ್ದಳು. ಅವಳ ಪ್ರಶ್ನೆಗೆ ಉತ್ತರವಿಲ್ಲ ಎಂದು ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಭಟ್ಟಜ್ಜನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಉತ್ತರವಿಲ್ಲದ ಪ್ರಶ್ನೆ ಬಾಗಿಲ ಬಳಿ ಸುಮ್ಮನೆ ನಿಂತಿತ್ತು. ನನ್ನಲ್ಲಿರುವ ಸಂಶಯವನ್ನು ಸ್ನೇಹಿತರು ಓದಿನಿಂದ ಬಂದದ್ದು ಎಂದುಕೊಳ್ಳುತ್ತಾರೆ. ಅದು ಬಂದದ್ದು ಅಲ್ಲಿಂದ.

ಅಮ್ಮ ಅಪ್ಪಯ್ಯನ ಕಡೆ ತಿರುಗಿದಳು. ಅಪ್ಪಯ್ಯ ಪಟ್ಟೆಮಡಿ ಉಟ್ಟು ಮಣೆಯ ಮೇಲೆ ಕೂತಿದ್ದ.

"ನಿಂಗೊ ಹೇಳಿ," ಎಂದಳು.

ಅಪ್ಪಯ್ಯ ಕೆಟ್ಟವನಾಗಿರಲಿಲ್ಲ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆದರೆ ಹೌದು, ಅವನು ಕೈಯೆತ್ತಿದವನಲ್ಲ, ಅಮ್ಮನನ್ನು ಗದರಿದವನಲ್ಲ. ಸಂಜೆ ಬರುವಾಗ ಸಂತೆಯಲ್ಲಿ ಅವಳಿಗೆ ಇಷ್ಟವಾದ ಬದನೆಕಾಯಿ ಹುಡುಕಿ ತರುತ್ತಿದ್ದ. ಕೆಟ್ಟವನಾಗಿದ್ದರೆ ಕ್ಷಮಿಸಲು ಏನೋ ಒಂದು ಸಿಗುತ್ತಿತ್ತು. ಅವನು ಒಂದು ವಾಕ್ಯ ಹೇಳಬೇಕಿತ್ತು ಅಷ್ಟೆ. ಆ ವಾಕ್ಯ ಅವನ ಮೊಣಕಾಲ ಮೇಲಿನ ತೇಪೆಯಲ್ಲೇ ಇತ್ತು. ಬೆರಳಿನ ದರ್ಭೆಯ ಪವಿತ್ರವನ್ನು ಒಮ್ಮೆ ತಿರುವಿಕೊಂಡು, ಯಾರನ್ನೂ ನೋಡದೆ, ಬೇಸರವೂ ಇಲ್ಲದ ದನಿಯಲ್ಲಿ ಅಂದ:

"ಹೊತ್ತಾತು. ಬಿಚ್ಚಿಕ್ಕಿ ಬಾ."

ಅಮ್ಮ ಕೋಣೆಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅಂಟು ಬಿಡುವ ಚರ್ ಎಂಬ ಸದ್ದು ಕೇಳಿಸಿತು ಎಂದು ನನ್ನ ನೆನಪು. ಇದನ್ನು ಅಕ್ಕನ ಹತ್ತಿರ ಹೇಳಿಲ್ಲ; ಹೇಳಿದರೆ ಗಂಟು ಬಿಚ್ಚುವುದಕ್ಕೆ ಸದ್ದು ಎಲ್ಲಿಂದ ಬಂತು ಎನ್ನುತ್ತಾಳೆ. ಬಾಗಿಲು ತೆರೆದಾಗ ಅಮ್ಮ ದಿನನಿತ್ಯದ ಸೀರೆ ಉಟ್ಟಿದ್ದಳು, ಹೂವಿನ ಚಿತ್ತಾರದ ದಿನನಿತ್ಯದ ರವಿಕೆ ತೊಟ್ಟಿದ್ದಳು, ಹುಕ್ಕುಗಳನ್ನೆಲ್ಲ ಹಾಕಿಕೊಂಡಿದ್ದಳು. ಅಡುಗೆಮನೆಯ ಕಡೆ ಹೋಗಲಿಲ್ಲ. ಹಾಲಿನ ಗೋಡೆಯ ಅಂಚಿನಲ್ಲೇ, ಯಾರಿಗೂ ತಾಗದಂತೆ ಮೈ ಹಿಡಿ ಮಾಡಿಕೊಂಡು ನಡೆದು, ಮುಂಬಾಗಿಲು ದಾಟಿ ಅಂಗಳಕ್ಕಿಳಿದು, ಅಲ್ಲಿಂದ ಹೇಳಿದಳು.

"ಆನು ಹೊರಗೆ."

ನಮ್ಮ ಮನೆಗಳಲ್ಲಿ ಆ ಒಂದು ಶಬ್ದಕ್ಕೆ ಎದುರು ಮಾತಿಲ್ಲ. ತಿಂಗಳ ಮೂರು ದಿನ ಹೆಂಗಸು ಹೊರಗೆ. ಒಳಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಅವಳು ಮುಟ್ಟಿದ್ದೆಲ್ಲ ಮೈಲಿಗೆ. ತೊಳೆದ ಅಕ್ಕಿ ಹೋಯಿತು. ರುಬ್ಬಿದ ಉದ್ದು ಹೋಯಿತು. ತುರಿದ ಕಾಯಿ, ಬೆಳಿಗ್ಗೆ ಅವಳು ತುಂಬಿಟ್ಟ ಹಂಡೆಗಟ್ಟಲೆ ನೀರು, ಎಲ್ಲ ಹೋಯಿತು. ಗಂಡಸರ ಎದುರು ಅಮ್ಮಮ್ಮ ದಿನಗಳ ಲೆಕ್ಕ ಕೇಳುವಂತಿರಲಿಲ್ಲ. "ಈಗಾ?" ಎಂದಷ್ಟೇ ಅವಳಿಗೆ ಸಾಧ್ಯವಾಯಿತು.

"ಈಗಲೇಯ," ಎಂದಳು ಅಮ್ಮ.

ಅದು ಸುಳ್ಳು ಎಂದು ನಾನು ನಂಬಿದ್ದೇನೆ. ಹಿಂದಿನ ವಾರವಷ್ಟೇ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಮೂರು ದಿನ ಕೂತಿದ್ದಳು, ನಾನೇ ಅವಳಿಗೆ ದೂರದಿಂದ ನೀರು ಹೊಯ್ದಿದ್ದೆ. ಅಕ್ಕ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತಾಳೆ. "ಅಮ್ಮ ತಿಥಿ ದಿನ ಸುಳ್ಳು ಹೇಳ್ತಿತ್ತಿಲ್ಲೆ. ನಿಜವಾಗ್ಲೂ ಆಗಿತ್ತು. ಅದು ನಿಂಗಳಂಥವ್ಕೆ ಗೊತ್ತಾಗ್ತಿಲ್ಲೆ." ಅಕ್ಕನಿಗೆ ಅಮ್ಮ ಸತ್ಯವಂತೆಯಾಗಿರಬೇಕು. ನನಗೆ ಅವಳು ಸುಳ್ಳು ಹೇಳಿರಬೇಕು. ಅವರವರಿಗೆ ಬೇಕಾದ ಅಮ್ಮನನ್ನು ನಾವಿಬ್ಬರೂ ನೆನಪಿಟ್ಟುಕೊಂಡಿದ್ದೇವೆ. ಕೇಳಿ ತಿಳಿಯಲು ಅವಳಿಲ್ಲ.

ತಿಥಿ ತಪ್ಪಿಸುವಂತಿರಲಿಲ್ಲ. ಭಟ್ಟಜ್ಜ ಸಂಜೆ ಬಸ್ಸಿಗೆ ಹೋಗಬೇಕು, ಊಟಕ್ಕೆ ಹೇಳಿದವರು ಬಂದು ಕೂತಾಗಿತ್ತು. ಎಲ್ಲರೂ ಮತ್ತೆ ಮೀಯಬೇಕು, ನಲ್ಲಿಯ ನೀರು ಆಗಲೇ ನಿಂತಿತ್ತು. ಅಪ್ಪಯ್ಯ ಸಾಲಿನ ಕೊನೆಯ ಬಾವಿಯಿಂದ ನೀರು ಸೇದಿ, ಒದ್ದೆ ಪಟ್ಟೆಮಡಿಯಲ್ಲಿ ಕೊಡಪಾನ ಹೊತ್ತು ತಂದ. ಕ್ವಾರ್ಟರ್ಸಿನ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಅಮ್ಮಮ್ಮ ಮಣೆಯ ಮೇಲೆ ಕೂತು ಹೇಳಿಕೊಟ್ಟಳು, ಅಪ್ಪಯ್ಯ ಜೀವಮಾನದಲ್ಲಿ ಮೊದಲ ಸಲ ಉದ್ದು ರುಬ್ಬಿದ, ವಡೆ ತಟ್ಟಿದ, ಎಣ್ಣೆ ಸಿಡಿಸಿಕೊಂಡ. ಬರಿ ಎದೆಯ ಮೇಲೆ ಎಣ್ಣೆ ಸಿಡಿದರೆ ಹೇಗಿರುತ್ತದೆ ಎಂದು ಆ ದಿನ ಅವನಿಗೆ ಗೊತ್ತಾಗಿರಬೇಕು. ಗೊತ್ತಾಗಿ ಏನಾದರೂ ಬದಲಾಯಿತೇ ಎಂದರೆ, ಇಲ್ಲ.

ಹಿಂದಿನ ಮೆಟ್ಟಿಲ ಮೇಲೆ ಅಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಶಾರದಮ್ಮ ಬೇಲಿಯಾಚೆಯಿಂದ ಒಂದು ಲೋಟ ಕಾಫಿ ಚಾಚಿದರು. ತಿಥಿಯ ದಿನ ಅಮ್ಮ ಊಟಕ್ಕೆ ಮುಂಚೆ ನೀರನ್ನೂ ಕುಡಿಯುತ್ತಿರಲಿಲ್ಲ, ಬೇರೆ ಮನೆಯ ಲೋಟ ಮುಟ್ಟುವ ಮಾತೇ ಇರಲಿಲ್ಲ. ಇಸಕೊಂಡು, ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಕುಡಿದಳು.

"ಒಪ್ಲಿಲ್ವಾ?" ಎಂದು ಶಾರದಮ್ಮ ಕೇಳಿದರು.

"ಅದು ತೇಪೆ, ಇದು ರವಿಕೆಯಂತೆ."

"ಮತ್ತೆ ಈಗ ಇದೆಂಥದು?"

"ರಜ," ಎಂದಳು ಅಮ್ಮ. ಆದರೆ ಈ ಸಲ ಅವಳು ನಗಲಿಲ್ಲ.

ಮುಂದಿನ ವರ್ಷವೂ ತಿಥಿಯ ಬೆಳಿಗ್ಗೆ ಅವಳು ಹೊರಗೆ. ಅದರ ಮುಂದಿನ ವರ್ಷವೂ. ಯಾರೂ ಏನೂ ಕೇಳಲಿಲ್ಲ. ಇದನ್ನು ಗೆಲುವು ಎಂದು ಬರೆಯುವ ಆಸೆ ನನಗೆ ಹಲವು ಸಲ ಆಗಿದೆ. ಆದರೆ ಆ ಮೂರು ದಿನವೂ ಅವಳು ಹೊರಗಿನ ಚಾಪೆಯ ಮೇಲೆ, ಅಪ್ಪಯ್ಯನ ಸೈಕಲ್ಲಿನ ಪಕ್ಕ ಮಲಗಿದ್ದನ್ನು ಕಂಡವನು ನಾನು. ಮೈ ಮುಚ್ಚಿಕೊಂಡು ತನ್ನ ಅಡುಗೆಮನೆಯಲ್ಲಿ ನಿಲ್ಲುತ್ತೇನೆ ಎಂದು ಅವಳು ಕೇಳಿದ್ದು. ಸಿಕ್ಕಿದ್ದು, ಮೈ ಮುಚ್ಚಿಕೊಂಡು ಅಡುಗೆಮನೆಯಿಂದಾಚೆ ಕೂರುವ ಅವಕಾಶ. ಅವಳ ತರ್ಕವನ್ನು ಒಪ್ಪದವರು ಅವಳ ಮೈಲಿಗೆಯನ್ನು ತಕ್ಷಣ ಒಪ್ಪಿದರು. ಆ ರವಿಕೆ ಏನಾಯಿತೋ ತಿಳಿಯದು. ನೆಲ ಒರೆಸುವ ಬಟ್ಟೆಯಾಯಿತು ಎಂದು ಅಕ್ಕ ಹೇಳುತ್ತಾಳೆ, ಇಲ್ಲಿ ನಾನು ಅವಳನ್ನು ನಂಬುತ್ತೇನೆ.

ಆ ಮೊದಲ ವರ್ಷ ಬಂದವರ ಊಟ ಮುಗಿಯುವಾಗ ಹೊತ್ತು ಇಳಿದಿತ್ತು. ನಮ್ಮದೂ ಆದ ಮೇಲೆ ಅಪ್ಪಯ್ಯ ಒಂದು ಎಲೆಯಲ್ಲಿ ಅನ್ನ, ಪಲ್ಯ, ಎರಡು ವಡೆ ಹಾಕಿಕೊಂಡು ಹಿಂಬಾಗಿಲಿಗೆ ಹೋದ. ಅಮ್ಮನಿಗೆ ತಾಗದಷ್ಟು ದೂರದಲ್ಲಿ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತ. ವಡೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿತ್ತು. ನಾವು ಉಂಡಿದ್ದೆವು, ಗೊತ್ತಿತ್ತು. ಅಮ್ಮ ಎಲೆಯನ್ನು ತನ್ನ ಕಡೆ ಎಳೆದುಕೊಂಡಳು. ಅಪ್ಪಯ್ಯ ಒಳಗೆ ಹೋಗಲಿಲ್ಲ. ಏನೋ ಹೇಳಲು ನಿಂತವನ ಹಾಗೆ ಕಂಡ. ಕೊನೆಗೆ ಕೇಳಿದ್ದು ಇಷ್ಟು.

"ಉಪ್ಪು ಸಮ ಇದ್ದಾ?"

ಅಮ್ಮ ಒಂದು ತುತ್ತು ಬಾಯಿಗೆ ಹಾಕಿ, ಅವಸರವಿಲ್ಲದೆ ಅಗಿದು ನುಂಗಿದಳು.

"ಇದ್ದು," ಎಂದಳು. "ಬಪ್ಪ ವರ್ಷವೂ ನಿಂಗಳೇ ಮಾಡಿ."